ಊರ ಗ್ರಂಥಾಲಯಕ್ಕೆ ಕಂಪ್ಯೂಟರ್ ಚರಿತ್ರೆ: ಪುಸ್ತಕ ಕೊಡಿಸುವವರಿಗೆ 16 ಸೂತ್ರಗಳು

ನಿಮ್ಮೂರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ‘ಕಂಪ್ಯೂಟರ್’ ಎಂದು ಚೀಟಿ ಅಂಟಿಸಿರುವ ಕಪಾಟನ್ನು ಒಮ್ಮೆ ತೆರೆದು ನೋಡಿ. ವಿಂಡೋಸ್ 98ರ ಕೈಪಿಡಿ, ಡಾಸ್ ಕಮಾಂಡುಗಳ ಪುಸ್ತಕ, ಟ್ಯಾಲಿಯ ಯಾವುದೋ ಹಳೇ ಆವೃತ್ತಿಯ ಗೈಡು, ಸ್ಪರ್ಧಾತ್ಮಕ ಪರೀಕ್ಷೆಯವರಿಗೆಂದು ತಂದಿಟ್ಟ ‘ಕಂಪ್ಯೂಟರ್ ಜ್ಞಾನ’ದ ಪ್ರಶ್ನೋತ್ತರ. ಬಹಳ ಕಡೆ ಇಷ್ಟೇ. ಮಗನೋ ಮಗಳೋ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ ದುಡಿಯುವ ಮನೆ ಒಂದೂ ಇಲ್ಲದ ಊರು ಈಗ ಕರ್ನಾಟಕದಲ್ಲಿ ಅಪರೂಪ. ಹಾಗಿದ್ದೂ ಈ ಯಂತ್ರ ಎಲ್ಲಿ ಹುಟ್ಟಿತು, ನಮ್ಮ ದೇಶಕ್ಕೆ ಹೇಗೆ ಬಂತು, ಕನ್ನಡದ ಅಕ್ಷರ ಅದರ ಪರದೆಯ ಮೇಲೆ ಮೂಡಲು ಯಾರು ಬೆವರು ಸುರಿಸಿದರು ಎಂದು ಕೇಳುವ ಹೈಸ್ಕೂಲು ಹುಡುಗಿಯ ಕೈಗಿಡಲು ಆ ಕಪಾಟಿನಲ್ಲಿ ಒಂದು ಪುಸ್ತಕವೂ ಇರುವುದಿಲ್ಲ.

ಇದನ್ನು ಸರಿಪಡಿಸುವುದು ತಿಂಗಳ ಸಂಬಳದವರ ಕೈಲೂ ಆಗುವ ಕೆಲಸ. ಆದರೆ ಪುಸ್ತಕ ಕೊಂಡು ಕೊಟ್ಟು, ಫೋಟೊ ತೆಗೆಸಿಕೊಂಡು ಬಂದರೆ ಅದು ಮುಗಿಯುವುದಿಲ್ಲ. ಪುಸ್ತಕ ಕೊಡಿಸಿದವರು ಅದು ಓದುಗರ ಕೈ ಸೇರುವ ತನಕ ಅದರ ಬೆನ್ನಿಗಿರಬೇಕು. ಕೆಳಗಿನ ಸೂತ್ರಗಳೆಲ್ಲ ಅದಕ್ಕಾಗಿಯೇ.

1. ಕೈಪಿಡಿ ಬಿಡಿ, ಚರಿತ್ರೆ ಕೊಡಿಸಿ

ಸಾಫ್ಟ್‌ವೇರ್ ಕಲಿಸುವ ಪುಸ್ತಕ ಕೆಲವೇ ವರ್ಷಗಳಲ್ಲಿ ಹಳತಾಗುತ್ತದೆ. ಅದನ್ನು ಕಲಿಯಲು ಈಗಿನ ಹುಡುಗರು ವಿಡಿಯೊ ನೋಡುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಚರಿತ್ರೆಯ ಪುಸ್ತಕದ ಆಯಸ್ಸೇ ಬೇರೆ. ಐಬಿಎಂ ಕಂಪನಿಯ ಸಿಸ್ಟಮ್ 360 ಯಂತ್ರಕ್ಕೆ ಆಪರೇಟಿಂಗ್ ಸಿಸ್ಟಮ್ ಬರೆಸುವಾಗ ಪಟ್ಟ ಪಾಡನ್ನು ಆಧರಿಸಿ ಫ್ರೆಡ್ ಬ್ರೂಕ್ಸ್ ‘ದಿ ಮಿಥಿಕಲ್ ಮ್ಯಾನ್-ಮಂತ್’ ಪ್ರಕಟಿಸಿದ್ದು 1975ರಲ್ಲಿ. ಆ ಯಂತ್ರಗಳು ಗುಜರಿ ಸೇರಿ ದಶಕಗಳೇ ಕಳೆದವು. ತಡವಾಗಿರುವ ಕೆಲಸಕ್ಕೆ ಹೆಚ್ಚು ಜನರನ್ನು ತುಂಬಿದರೆ ಅದು ಮತ್ತಷ್ಟು ತಡವಾಗುತ್ತದೆ ಎಂದು ಅವರು ಕಂಡುಕೊಂಡ ಸತ್ಯವನ್ನು ಇವತ್ತಿನ ಮ್ಯಾನೇಜರುಗಳೂ ದಿನನಿತ್ಯ ಎದುರಿಸುತ್ತಿದ್ದಾರೆ. ಟ್ರೇಸಿ ಕಿಡ್ಡರ್ ಅವರ ‘ದಿ ಸೋಲ್ ಆಫ್ ಎ ನ್ಯೂ ಮಷೀನ್’ ಬಂದದ್ದು 1981ರಲ್ಲಿ, ಮರುವರ್ಷ ಅದಕ್ಕೆ ಪುಲಿಟ್ಜರ್ ಬಹುಮಾನ ಬಂತು. ಅದರಲ್ಲಿರುವ ಡೇಟಾ ಜನರಲ್ ಕಂಪನಿ ಈಗ ಇಲ್ಲ, ಅದು ಕಟ್ಟಿದ ಯಂತ್ರವೂ ಇಲ್ಲ. ಪುಸ್ತಕವನ್ನು ಮಾತ್ರ ಜನ ಇಂದಿಗೂ ಓದುತ್ತಾರೆ.

2. ಕೊಳ್ಳುವ ಮುಂಚೆ ಗ್ರಂಥಪಾಲಕರ ಹತ್ತಿರ ಕೂತು ಮಾತಾಡಿ

ಪುಸ್ತಕದ ಪೆಟ್ಟಿಗೆ ಹೊತ್ತು ಏಕಾಏಕಿ ಬಾಗಿಲಿಗೆ ಹೋಗಬೇಡಿ. ಕರ್ನಾಟಕದಲ್ಲಿ ಸಾರ್ವಜನಿಕ ಗ್ರಂಥಾಲಯಗಳಿಗೆ 1965ರ ಕಾಯ್ದೆಯ ಬಲವಿದೆ. ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ವಸೂಲಾಗುತ್ತದೆ. ಅಂದರೆ ಇದು ನೀವು ಈಗಾಗಲೇ ದುಡ್ಡು ಕೊಡುತ್ತಿರುವ ಸಂಸ್ಥೆ. ಜಿಲ್ಲಾ ಮತ್ತು ನಗರ ಕೇಂದ್ರ ಗ್ರಂಥಾಲಯಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಕೈಯಲ್ಲಿವೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು, ಈಗ ಅವಕ್ಕೆ ‘ಅರಿವು ಕೇಂದ್ರ’ ಎಂದು ಹೆಸರು. ಹಾಗಾಗಿ ಹಳ್ಳಿಯಲ್ಲಾದರೆ ಮೇಲ್ವಿಚಾರಕರ ಜೊತೆಗೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯನ್ನೂ (ಪಿಡಿಒ) ಕಾಣಬೇಕು, ಪಟ್ಟಣದಲ್ಲಾದರೆ ಮುಖ್ಯ ಗ್ರಂಥಾಲಯಾಧಿಕಾರಿಯನ್ನು ಕಾಣಬೇಕು.

ಕೇಳಬೇಕಾದ್ದು ಇಷ್ಟು: ಇಲ್ಲಿಗೆ ಯಾರು ಬರುತ್ತಾರೆ, ಯಾವ ಭಾಷೆಯಲ್ಲಿ ಓದುತ್ತಾರೆ, ದಾನವಾಗಿ ಬಂದ ಪುಸ್ತಕವನ್ನು ದಾಖಲು ಮಾಡಿಕೊಳ್ಳಲು ಏನು ಕ್ರಮವಿದೆ, ಎರವಲು ಕೊಡುತ್ತೀರೋ ಅಥವಾ ಅಲ್ಲೇ ಕೂತು ಓದಬೇಕೋ. ಪಿಯುಸಿ ಮಕ್ಕಳೇ ಹೆಚ್ಚು ಬರುವ ಕಡೆ 600 ಪುಟದ ಇಂಗ್ಲಿಷ್ ಪುಸ್ತಕ ಕೊಟ್ಟರೆ ಅದು ಕಪಾಟು ಬಿಟ್ಟು ಕದಲುವುದಿಲ್ಲ. ಎಂಜಿನಿಯರಿಂಗ್ ಕಾಲೇಜಿನ ಪಕ್ಕದ ಶಾಖಾ ಗ್ರಂಥಾಲಯದಲ್ಲಿ ಅದೇ ಪುಸ್ತಕಕ್ಕೆ ಸರದಿ ನಿಲ್ಲಬಹುದು.

3. ಒಂದೇ ಗ್ರಂಥಾಲಯ ಹಿಡಿಯಿರಿ

ಹತ್ತು ಕಡೆಗೆ ಎರಡೆರಡು ಪುಸ್ತಕ ಹಂಚಿದರೆ ಯಾವ ಕಡೆಯೂ ಸಂಗ್ರಹ ಎನ್ನುವಂಥದ್ದು ಆಗುವುದಿಲ್ಲ. ಒಂದು ಕಡೆ ಇಪ್ಪತ್ತು ಪುಸ್ತಕ ಇದ್ದರೆ ಒಂದನ್ನು ಓದಿದವರು ಇನ್ನೊಂದಕ್ಕೆ ಕೈ ಹಾಕುತ್ತಾರೆ.

4. ಪಟ್ಟಿಯನ್ನು ನಮ್ಮ ದೇಶದಿಂದ ಶುರು ಮಾಡಿ

ಕಂಪ್ಯೂಟರ್ ಚರಿತ್ರೆ ಎಂದ ಕೂಡಲೇ ಕ್ಯಾಲಿಫೋರ್ನಿಯಾದ ಗ್ಯಾರೇಜು ನೆನಪಾಗುತ್ತದೆ. ನಮ್ಮದೇ ಕಥೆ ಅದಕ್ಕಿಂತ ಹಳೆಯದು. ಕೋಲ್ಕತ್ತದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿಗೆ ಬ್ರಿಟನ್ನಿನಿಂದ ಎಚ್‌ಇಸಿ-2ಎಂ ಎಂಬ ಡಿಜಿಟಲ್ ಕಂಪ್ಯೂಟರ್ ಬಂದದ್ದು 1955ರಲ್ಲಿ. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಆರ್. ನರಸಿಂಹನ್ ಅವರ ತಂಡ ತಾನೇ ಒಂದು ಯಂತ್ರ ಕಟ್ಟಿ 1960ರಲ್ಲಿ ಕೆಲಸಕ್ಕಿಳಿಸಿತು. ಕೊಂಡು ತಂದದ್ದಲ್ಲ, ಇಲ್ಲೇ ವಿನ್ಯಾಸ ಮಾಡಿ ಕಟ್ಟಿದ್ದು. 1962ರಲ್ಲಿ ನೆಹರೂ ಅದಕ್ಕೆ ಟಿಫ್ರಾಕ್ ಎಂದು ಹೆಸರಿಟ್ಟರು. 1963ರಲ್ಲಿ ಕಾನ್ಪುರದ ಐಐಟಿಗೆ ಐಬಿಎಂ 1620 ಬಂತು, ಅಲ್ಲಿಂದ ಪ್ರೋಗ್ರಾಮಿಂಗ್ ಕಲಿಸುವ ಪರಂಪರೆ ಬೆಳೆಯಿತು. 1978ರಲ್ಲಿ ಐಬಿಎಂ ದೇಶ ಬಿಟ್ಟಿತು. ಆ ತೆರವಿನಲ್ಲೇ ದೇಶೀ ಕಂಪನಿಗಳು ತಲೆಯೆತ್ತಿದವು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು, ಉಪಗ್ರಹ ಸಂಪರ್ಕದ ಮೂಲಕ ಇಲ್ಲಿಂದಲೇ ಕೆಲಸವನ್ನು ಹೊರದೇಶಕ್ಕೆ ಕಳಿಸುವ ದಾರಿ ತೆರೆಯಿತು. 1986ರ ಹೊತ್ತಿಗೆ ದೆಹಲಿಯ ರೈಲು ಟಿಕೆಟ್ ಕೌಂಟರಿನಲ್ಲಿ ಕಂಪ್ಯೂಟರ್ ಕೂತಿತು. ದೇಶದ ಲಕ್ಷಾಂತರ ಜನ ಕಂಪ್ಯೂಟರ್ ಮಾಡುವ ಕೆಲಸವನ್ನು ಮೊದಲ ಬಾರಿಗೆ ಕಣ್ಣಾರೆ ಕಂಡದ್ದು ಇಂಥ ಟಿಕೆಟ್ ಕಿಟಕಿಗಳ ಮುಂದೆ.

ಇದೆಲ್ಲ ಓದಲು ಸಿಗುತ್ತದೆ. ನನ್ನ ಪ್ರಕಾರ ಮೊದಲು ಕೊಳ್ಳಬೇಕಾದ್ದು ದಿನೇಶ್ ಸಿ. ಶರ್ಮಾ ಅವರ ‘ದಿ ಔಟ್‌ಸೋರ್ಸರ್’. 2015ರಲ್ಲಿ ಎಂಐಟಿ ಪ್ರೆಸ್ ಪ್ರಕಟಿಸಿದ ಈ ಪುಸ್ತಕ ನಮ್ಮ ಐಟಿ ಉದ್ಯಮ ಒಂದೇ ರಾತ್ರಿಯಲ್ಲಿ ಹುಟ್ಟಿದ್ದಲ್ಲ ಎಂದು ಕಾಗದಪತ್ರ ಮುಂದಿಟ್ಟು ತೋರಿಸುತ್ತದೆ. ಅದರ ಪಕ್ಕಕ್ಕೆ ಅರುಣ್ ಮೋಹನ್ ಸುಕುಮಾರ್ ಅವರ ‘ಮಿಡ್‌ನೈಟ್ಸ್ ಮಷೀನ್ಸ್’ ಇಡಿ. ಸರ್ಕಾರಗಳು ತಂತ್ರಜ್ಞಾನವನ್ನು ಕಂಡ ಬಗೆಯನ್ನು ಅದು ಹೇಳುತ್ತದೆ. ಕ್ರಿಸ್ ಗೋಪಾಲಕೃಷ್ಣನ್ ಮತ್ತು ಇಬ್ಬರು ಸಹಲೇಖಕರ ‘ಅಗೇನ್‌ಸ್ಟ್ ಆಲ್ ಆಡ್ಸ್’ 2022ರದು, ಉದ್ಯಮ ಕಟ್ಟಿದವರ ಬಾಯಿಂದಲೇ ಕೇಳಿದ ಮಾತುಗಳಿಂದ ತುಂಬಿದೆ. ರಾಸ್ ಬ್ಯಾಸೆಟ್ ಅವರ ‘ದಿ ಟೆಕ್ನಲಾಜಿಕಲ್ ಇಂಡಿಯನ್’ ಅಮೆರಿಕದ ಎಂಐಟಿಗೆ ಓದಲು ಹೋದ ಭಾರತೀಯರ ಜಾಡು ಹಿಡಿದು ಹತ್ತೊಂಬತ್ತನೇ ಶತಮಾನಕ್ಕೆ ಹೋಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಪ್ರೊ. ವಿ. ರಾಜಾರಾಮನ್ ಬರೆದ 1955ರಿಂದ 2010ರವರೆಗಿನ ಭಾರತೀಯ ಕಂಪ್ಯೂಟಿಂಗ್ ಇತಿಹಾಸವಂತೂ ಅಂತರ್ಜಾಲದಲ್ಲಿ ಉಚಿತವಾಗಿಯೇ ಇದೆ. ಗ್ರಂಥಾಲಯದ ಕಂಪ್ಯೂಟರಿನಲ್ಲಿ ಅದನ್ನು ಇಳಿಸಿಟ್ಟುಕೊಳ್ಳಲು ಹೇಳಿ.

5. ಹೊರದೇಶದ ಪುಸ್ತಕಗಳಲ್ಲಿ ಒಬ್ಬನೇ ವೀರನ ಕಥೆಗೆ ಜೋತು ಬೀಳಬೇಡಿ

ಸ್ಟೀವ್ ಜಾಬ್ಸ್, ಬಿಲ್ ಗೇಟ್ಸ್ ಜೀವನಚರಿತ್ರೆಗಳು ಹೇಗೂ ಬಂದು ಸೇರುತ್ತವೆ. ನಿಮ್ಮ ದುಡ್ಡು ಬೇರೆ ಕಡೆ ಹೋಗಲಿ. ವಾಲ್ಟರ್ ಐಸಾಕ್ಸನ್ ಅವರದ್ದೇ ಕೊಡುವುದಾದರೆ ಜಾಬ್ಸ್ ಬದಲು ‘ದಿ ಇನ್ನೋವೇಟರ್ಸ್’ ಕೊಡಿ. ಕಂಪ್ಯೂಟರ್ ಎನ್ನುವುದು ತಂಡಗಳ ಕೆಲಸ ಎಂದು ಅದರಲ್ಲಿ ಮನದಟ್ಟಾಗುತ್ತದೆ. ಇಂಟರ್‌ನೆಟ್ಟಿನ ಮೂಲಕ್ಕೆ ಕೇಟೀ ಹಾಫ್ನರ್ ಮತ್ತು ಮ್ಯಾಥ್ಯೂ ಲಯನ್ ಅವರ ‘ವೇರ್ ವಿಝರ್ಡ್ಸ್ ಸ್ಟೇ ಅಪ್ ಲೇಟ್’ ಇದೆ. ಚಿಪ್ಪುಗಳ ಸುತ್ತಲಿನ ರಾಜಕೀಯಕ್ಕೆ ಕ್ರಿಸ್ ಮಿಲ್ಲರ್ ಅವರ ‘ಚಿಪ್ ವಾರ್’.

ಹೆಣ್ಣುಮಕ್ಕಳ ಪಾಲನ್ನು ಹೇಳುವ ಪುಸ್ತಕ ಕಡ್ಡಾಯವಾಗಿ ಇರಲಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ಅಮೆರಿಕದ ಎನಿಯಾಕ್ ಯಂತ್ರವನ್ನು 1946ರಲ್ಲಿ ಜಗತ್ತಿಗೆ ತೋರಿಸಿದಾಗ ಅದಕ್ಕೆ ಪ್ರೋಗ್ರಾಮ್ ಹೂಡಿದ್ದವರು ಆರು ಮಂದಿ ಯುವತಿಯರು. ದಶಕಗಳ ಕಾಲ ಅವರ ಹೆಸರು ಯಾರಿಗೂ ಗೊತ್ತಿರಲಿಲ್ಲ. ಕ್ಲೇರ್ ಇವಾನ್ಸ್ ಅವರ ‘ಬ್ರಾಡ್ ಬ್ಯಾಂಡ್’ ಅಂಥವರನ್ನು ಹುಡುಕಿ ತರುತ್ತದೆ. ಮಾರ್ ಹಿಕ್ಸ್ ಅವರ ‘ಪ್ರೋಗ್ರಾಮ್ಡ್ ಇನ್‌ಈಕ್ವಾಲಿಟಿ’ ಇನ್ನೂ ಖಡಕ್ಕು. ಬ್ರಿಟನ್ನಿನಲ್ಲಿ ಕಂಪ್ಯೂಟರ್ ಕೆಲಸ ಗುಮಾಸ್ತೆಯರ ಕೆಲಸವಾಗಿದ್ದಷ್ಟು ಕಾಲ ಹೆಂಗಸರೇ ಮಾಡುತ್ತಿದ್ದರು. ಅದಕ್ಕೆ ಅಧಿಕಾರ, ಸಂಬಳ ಬಂದ ಮೇಲೆ ಅವರನ್ನು ಬದಿಗೆ ಸರಿಸಿದರು. ಪಳಗಿದ ಕೈಗಳನ್ನು ಕಳೆದುಕೊಂಡ ಆ ದೇಶದ ಉದ್ಯಮವೇ ಹಿಂದೆ ಬಿತ್ತು ಎನ್ನುವುದು ಹಿಕ್ಸ್ ಅವರ ವಾದ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದುತ್ತಿರುವ ಹುಡುಗಿಯರು ಈ ಪುಸ್ತಕ ಓದಬೇಕು, ಅವರಿಗೆ ಕೆಲಸ ಕೊಡುವವರೂ ಓದಬೇಕು.

ಆಂಡ್ರ್ಯೂ ಹಾಜಸ್ ಬರೆದ ಗಣಿತಜ್ಞ ಅಲನ್ ಟ್ಯೂರಿಂಗ್ ಜೀವನಚರಿತ್ರೆ ದಪ್ಪದ ಪುಸ್ತಕ. ಕಷ್ಟವೂ ಹೌದು. ಆದರೂ ಒಂದು ಪ್ರತಿ ಇರಲಿ. ಟ್ಯೂರಿಂಗ್ ತಂದೆ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ ಐಸಿಎಸ್ ಅಧಿಕಾರಿಯಾಗಿದ್ದರು ಎಂದು ಹೇಳಿದರೆ ನಮ್ಮ ಓದುಗರ ಕುತೂಹಲ ಕೆರಳುತ್ತದೆ.

6. ಕೊಳ್ಳಲು ಸಿಗದ ಪುಸ್ತಕವನ್ನು ಮಾಡಿಸಿ

ಕನ್ನಡ ಕಂಪ್ಯೂಟರಿಗೆ ಬಂದ ಕಥೆ ಇಂಗ್ಲಿಷಿನ ಯಾವ ಪುಸ್ತಕದಲ್ಲೂ ಸರಿಯಾಗಿ ಸಿಗುವುದಿಲ್ಲ. ನಾವು ಬಳಸುವ ಕೀಲಿಮಣೆ ವಿನ್ಯಾಸದ ಹಿಂದೆ ಕಿನ್ನಿಕಂಬಳದ ಕೆ. ಪಿ. ರಾವ್ ಇದ್ದಾರೆ. 1991ರಲ್ಲಿ ಯುನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತು. 1996ರಲ್ಲಿ ‘ವಿಶ್ವಕನ್ನಡ’ ಜಾಲತಾಣ ಬಂತು, 1998ರಲ್ಲಿ ‘ಬರಹ’ ತಂತ್ರಾಂಶ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಪೂರ್ಣಚಂದ್ರ ತೇಜಸ್ವಿ ಕನ್ನಡ ತಂತ್ರಾಂಶಕ್ಕಾಗಿ ಎಷ್ಟು ತಲೆ ಕೆಡಿಸಿಕೊಂಡಿದ್ದರೆಂದು ಅವರ ಓದುಗರಿಗೆ ಗೊತ್ತು. ಈ ವಿಷಯದಲ್ಲಿ ಕನ್ನಡದ ವಿಜ್ಞಾನ ಲೇಖಕರು ಬರೆದ ಪುಸ್ತಕಗಳನ್ನು, ಹಳೆಯ ಪತ್ರಿಕಾ ಲೇಖನಗಳನ್ನು ಹುಡುಕಿ ಒಂದೆಡೆ ಸೇರಿಸುವುದೇ ಒಳ್ಳೆಯ ಪ್ರಾಯೋಜನೆ.

ಇನ್ನೂ ಹತ್ತಿರದಲ್ಲಿರುವುದು ನಿಮ್ಮೂರಿನ ಮುದ್ರಣಾಲಯ. ಮೊಳೆ ಜೋಡಿಸಿ ಲಗ್ನಪತ್ರಿಕೆ ಅಚ್ಚು ಮಾಡುತ್ತಿದ್ದವರು ಈಗ ವಯಸ್ಸಾಗಿ ಮನೆಯಲ್ಲಿದ್ದಾರೆ. ಮರದ ಕೇಸಿನಲ್ಲಿ ಯಾವ ಮನೆಯಲ್ಲಿ ಯಾವ ಅಕ್ಷರ ಎನ್ನುವುದು ಅವರ ಬೆರಳಿಗೆ ಇನ್ನೂ ನೆನಪಿರುತ್ತದೆ. ಒತ್ತಕ್ಷರದ ಮೊಳೆ ಮುರಿದರೆ ಏನು ಮಾಡುತ್ತಿದ್ದರು, ಡಿಟಿಪಿ ಬಂದ ವರ್ಷ ಎಷ್ಟು ಜನ ಕೆಲಸ ಬಿಟ್ಟರು, ಯಾರು ಕೀಲಿಮಣೆ ಕಲಿತು ಉಳಿದುಕೊಂಡರು, ಆ ಸೀಸದ ಮೊಳೆಗಳನ್ನು ತೂಕಕ್ಕೆ ಹಾಕಿದ್ದು ಯಾರಿಗೆ ಎಂದು ಕೇಳಿ. ಅವರ ಒಪ್ಪಿಗೆ ಪಡೆದು ಮಾತು ರೆಕಾರ್ಡ್ ಮಾಡಿ, ಟೈಪ್ ಮಾಡಿಸಿ, ಹಳೆಯ ಫೋಟೊ ಸೇರಿಸಿ, ರಟ್ಟು ಕಟ್ಟಿಸಿ ಗ್ರಂಥಾಲಯಕ್ಕೆ ಕೊಡಿ. ಊರಿನ ಮೊದಲ ಟೈಪಿಂಗ್ ಇನ್‌ಸ್ಟಿಟ್ಯೂಟು, ಎಸ್‌ಟಿಡಿ ಬೂತು, ಸೈಬರ್ ಕೆಫೆ ನಡೆಸಿದವರನ್ನೂ ಮಾತಾಡಿಸಬಹುದು. ಅರವತ್ತು ಪುಟದ ಈ ಪುಸ್ತಕವನ್ನು ನೀವು ಮಾಡಿಸದಿದ್ದರೆ ಇನ್ಯಾರೂ ಮಾಡಿಸುವುದಿಲ್ಲ.

ಅನುವಾದಕ್ಕೆ ಹಣ ಕೊಡುವ ಶಕ್ತಿಯಿದ್ದರೆ ನೇರವಾಗಿ ಕನ್ನಡ ಪ್ರಕಾಶಕರ ಜೊತೆ ಮಾತಾಡಿ. ಮೂಲ ಪ್ರಕಾಶಕರಿಂದ ಹಕ್ಕು ಪಡೆಯುವುದು, ಅನುವಾದಕರ ಸಂಭಾವನೆ, ಪರಿಭಾಷೆ ನೋಡಿಕೊಡುವ ವಿಷಯತಜ್ಞರು, ಈ ಮೂರೂ ಖರ್ಚು ಮೊದಲೇ ಲೆಕ್ಕದಲ್ಲಿರಲಿ.

7. ಮನೆ ಖಾಲಿ ಮಾಡುವುದಕ್ಕೂ ಪುಸ್ತಕ ಕೊಡಿಸುವುದಕ್ಕೂ ವ್ಯತ್ಯಾಸವಿದೆ

ಎಂಜಿನಿಯರಿಂಗ್ ಓದುವಾಗ ಕೊಂಡ ಹರಿದ ಪಠ್ಯಪುಸ್ತಕಗಳನ್ನು ತಂದು ಸುರಿಯಬೇಡಿ. ನೀವು ಸ್ವಂತಕ್ಕೆ ಕೊಂಡು ಓದುವಂಥ ಸ್ಥಿತಿಯಲ್ಲಿಲ್ಲದ ಪುಸ್ತಕ ಗ್ರಂಥಾಲಯಕ್ಕೂ ಬೇಡ.

8. ಊರಿನ ಅಂಗಡಿಯಿಂದ ಕೊಳ್ಳಿ, ಹೊರದೇಶದಲ್ಲಿದ್ದರೂ

ಮುದ್ರಿತ ಪುಸ್ತಕಕ್ಕೆ ನಮ್ಮಲ್ಲಿ ಜಿಎಸ್‌ಟಿ ಇಲ್ಲ. ಆಮದು ಪುಸ್ತಕಕ್ಕೆ 2019ರ ಬಜೆಟ್ಟಿನಲ್ಲಿ ಶೇ 5ರ ಸೀಮಾಸುಂಕ ಹಾಕಿದರು. ಅಮೆರಿಕದಿಂದ ಪೆಟ್ಟಿಗೆ ಕಳಿಸುವ ಕನ್ನಡಿಗರು ಅಂಚೆ ವೆಚ್ಚ, ಸುಂಕ, ಕಸ್ಟಮ್ಸ್ ಕಾಗದಪತ್ರ ಎಲ್ಲ ಕೂಡಿಸಿ ನೋಡಿದರೆ ಅದೇ ಹಣಕ್ಕೆ ಇಲ್ಲಿ ಹೆಚ್ಚು ಪುಸ್ತಕ ಬರುತ್ತದೆ. ಎಷ್ಟೋ ಪುಸ್ತಕಗಳಿಗೆ ಕಡಿಮೆ ಬೆಲೆಯ ಭಾರತೀಯ ಮುದ್ರಣವಿರುತ್ತದೆ, ಮೊದಲು ಅದನ್ನು ಕೇಳಿ. ಅಚ್ಚಿನಲ್ಲಿಲ್ಲದ ಹಳೆಯ ಪುಸ್ತಕಕ್ಕೆ ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಬ್ಲಾಸಮ್, ಬುಕ್‌ವರ್ಮ್‌ನಂಥ ಅಂಗಡಿಗಳಿವೆ, ಬ್ರಿಗೇಡ್ ರಸ್ತೆಯ ಪಕ್ಕದ ಓಣಿಯಲ್ಲಿ ಸೆಲೆಕ್ಟ್ ಬುಕ್ ಶಾಪ್ ಇದೆ. ಬೇಕಾದ ಪುಸ್ತಕಗಳ ಪಟ್ಟಿ ಕೊಟ್ಟು ಬನ್ನಿ, ಬಂದಾಗ ಫೋನ್ ಮಾಡಲು ಹೇಳಿ. ಗ್ರಂಥಾಲಯಕ್ಕೆ ಎಂದು ಹೇಳಿ ರಿಯಾಯಿತಿ ಕೇಳುವುದರಲ್ಲಿ ಸಂಕೋಚ ಬೇಡ.

9. ಬೆನ್ನು ನೋಡಿ ಕೊಳ್ಳಿ

ಪುಸ್ತಕವನ್ನು ಮಧ್ಯಕ್ಕೆ ತೆರೆದು ಬೆನ್ನಿನ ಒಳಗೆ ಇಣುಕಿ. ಹಾಳೆಗಳ ಕಟ್ಟು ಕಟ್ಟಾಗಿ ದಾರದಿಂದ ಹೊಲಿದಿದ್ದರೆ ಅದು ಬಹುಕಾಲ ಬಾಳುತ್ತದೆ. ಬರೀ ಗೋಂದು ಹಚ್ಚಿದ್ದರೆ ನಾಲ್ಕಾರು ಕೈ ಬದಲಾಗುವಷ್ಟರಲ್ಲಿ, ಅದರಲ್ಲೂ ರಾಯಚೂರು ಕಲಬುರಗಿಯ ಬೇಸಿಗೆಯಲ್ಲಿ, ಹಾಳೆ ಕಳಚುತ್ತದೆ. ಗಟ್ಟಿರಟ್ಟಿನ ಪ್ರತಿ ಸಿಕ್ಕರೆ ಅದನ್ನೇ ಕೊಳ್ಳಿ. ಸಿಗದಿದ್ದರೆ ಕೊಡುವ ಮುಂಚೆಯೇ ಊರಿನ ಬೈಂಡಿಂಗ್‌ನವರ ಹತ್ತಿರ ಹೊಲಿಸಿ ರಟ್ಟು ಹಾಕಿಸಿ. ಒಳಗಿನ ಅಂಚು ತೀರಾ ಕತ್ತರಿಸದಂತೆ ಅವರಿಗೆ ಹೇಳಬೇಕು, ಇಲ್ಲವಾದರೆ ಸಾಲಿನ ಮೊದಲ ಅಕ್ಷರಗಳು ಹೊಲಿಗೆಯಲ್ಲಿ ಮುಚ್ಚಿಹೋಗುತ್ತವೆ.

10. ಪುಸ್ತಕದ ಬೆಲೆಯ ಮೇಲೆ ಇನ್ನಷ್ಟು ಎತ್ತಿಡಿ

ಬಂದ ಪುಸ್ತಕಕ್ಕೆ ಅಕ್ಸೆಷನ್ ರಿಜಿಸ್ಟರಿನಲ್ಲಿ ಕ್ರಮಸಂಖ್ಯೆ ಬೀಳಬೇಕು, ಮುದ್ರೆ ಒತ್ತಬೇಕು, ಬೆನ್ನಿಗೆ ವರ್ಗಸಂಖ್ಯೆಯ ಚೀಟಿ ಅಂಟಿಸಬೇಕು, ಪ್ಲಾಸ್ಟಿಕ್ ಹೊದಿಕೆ ಹಾಕಬೇಕು, ಗೆದ್ದಲು ಹತ್ತದ ಕಬ್ಬಿಣದ ಕಪಾಟು ಬೇಕು. ಈ ಖರ್ಚಿಗೆ ಗ್ರಂಥಾಲಯದಲ್ಲಿ ಹಣವಿಲ್ಲದೆ ದಾನದ ಪುಸ್ತಕಗಳು ಪೆಟ್ಟಿಗೆಯಲ್ಲೇ ವರ್ಷಗಟ್ಟಲೆ ಕೂರುವುದುಂಟು. ನಾಲ್ಕು ಪುಸ್ತಕದ ಹಣವಿದ್ದರೆ ಮೂರು ಪುಸ್ತಕ ಕೊಳ್ಳಿ, ಉಳಿದದ್ದನ್ನು ಈ ಕೆಲಸಕ್ಕೆ ಕೊಡಿ. ಬೇಕಾದರೆ ಒಂದು ಭಾನುವಾರ ನೀವೇ ಹೋಗಿ ಹೊದಿಕೆ ಹಾಕಿಕೊಟ್ಟು ಬನ್ನಿ. ರಿಜಿಸ್ಟರಿನಲ್ಲಿ ಸಂಖ್ಯೆ ಬಿದ್ದ ಮೇಲೆಯೇ ಆ ಪುಸ್ತಕ ಊರಿನ ಆಸ್ತಿ.

11. ಪುಸ್ತಕಗಳು ಚದುರಿಹೋಗದಂತೆ ನೋಡಿಕೊಳ್ಳಿ

ಡ್ಯೂಯಿ ವರ್ಗೀಕರಣ ಬಳಸುವ ಗ್ರಂಥಾಲಯದಲ್ಲಿ ನೀವು ಕೊಟ್ಟ ಇಪ್ಪತ್ತು ಪುಸ್ತಕಗಳು ಒಂದೇ ಕಡೆ ಕೂರುವುದಿಲ್ಲ. ಕಂಪ್ಯೂಟರ್ ವಿಜ್ಞಾನ 004ಕ್ಕೆ, ಯಂತ್ರದ ಎಂಜಿನಿಯರಿಂಗ್ 621ಕ್ಕೆ, ಐಟಿ ಉದ್ಯಮದ ಕಥೆ 338ಕ್ಕೆ ಹೋಗುತ್ತವೆ. ಟ್ಯೂರಿಂಗ್ ಜೀವನಚರಿತ್ರೆ ಗಣಿತಜ್ಞರ ಸಾಲಿಗೆ, 510ರ ಹತ್ತಿರ ಹೋಗುತ್ತದೆ. ವರ್ಗೀಕರಣದ ಲೆಕ್ಕದಲ್ಲಿ ಇದು ಸರಿಯೇ. ಓದುಗರಿಗೆ ಮಾತ್ರ ಇವೆಲ್ಲ ಒಂದೇ ಕಥೆಯ ಭಾಗಗಳು ಎಂದು ಗೊತ್ತಾಗುವುದಿಲ್ಲ. ಮೊದಲ ಎರಡು ತಿಂಗಳು ಎಲ್ಲವನ್ನೂ ಒಂದೇ ಪ್ರದರ್ಶನ ಕಪಾಟಿನಲ್ಲಿಡಲು ವಿನಂತಿಸಿ. ಆಮೇಲೆ ಎಲ್ಲ ಪುಸ್ತಕಗಳ ಹೆಸರು, ವರ್ಗಸಂಖ್ಯೆ, ತಲಾ ಎರಡು ಸಾಲಿನ ಪರಿಚಯವನ್ನು ಕನ್ನಡದಲ್ಲಿ ಅಚ್ಚು ಮಾಡಿಸಿ ಗೋಡೆಗೆ ಹಾಕಿಸಿ.

ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು 1931ರಲ್ಲಿ ಕೊಟ್ಟ ಎಸ್. ಆರ್. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ಇಲ್ಲಿ ದಾಖಲೀಕರಣದ ಸಂಶೋಧನೆ ಮತ್ತು ತರಬೇತಿಗೆ ಕೇಂದ್ರ ಕಟ್ಟಿದರು, 1972ರಲ್ಲಿ ಇಲ್ಲೇ ತೀರಿಕೊಂಡರು. ಓದುಗರ ಸಮಯ ಉಳಿಸಬೇಕು ಎನ್ನುವುದು ಅವರ ನಾಲ್ಕನೇ ಸೂತ್ರ. ಗೋಡೆಯ ಆ ಪಟ್ಟಿ ಮಾಡುವುದು ಅದನ್ನೇ.

12. ಹಣಕಾಸಿನ ಕಾನೂನು ತಿಳಿದುಕೊಂಡು ಇಳಿಯಿರಿ

ಪುಸ್ತಕವನ್ನೇ ದಾನ ಕೊಟ್ಟರೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಸಿಗುವುದಿಲ್ಲ. ಅದು ಮಾನ್ಯತೆ ಪಡೆದ ಸಂಸ್ಥೆಗೆ ಕೊಟ್ಟ ಹಣಕ್ಕೆ ಮಾತ್ರ, ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ. 2,000 ರೂಪಾಯಿ ಮೀರಿದ್ದನ್ನು ನಗದಾಗಿ ಕೊಟ್ಟರೆ ಅದಕ್ಕೂ ಇಲ್ಲ. ರಿಯಾಯಿತಿಯ ಆಸೆಯಿಂದ ಈ ಕೆಲಸಕ್ಕೆ ಬರುವವರು ಇದನ್ನು ಮೊದಲೇ ತಿಳಿದಿರಲಿ.

ಕಂಪನಿಯಲ್ಲಿರುವವರಿಗೆ ಬೇರೆ ದಾರಿಯಿದೆ. 2013ರ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ, ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಹಣ ಬಳಸಬಹುದಾದ ಕೆಲಸಗಳ ಪಟ್ಟಿಯಲ್ಲಿ ಸಾರ್ವಜನಿಕ ಗ್ರಂಥಾಲಯ ಸ್ಥಾಪನೆಯೂ ಸೇರಿದೆ. ನಿಮ್ಮ ಕಚೇರಿಯ ಸಿಎಸ್‌ಆರ್ ವಿಭಾಗಕ್ಕೆ ಈ ಸಾಲು ತೋರಿಸಿ, ಯೋಜನೆಯನ್ನು ಬರೆದುಕೊಡಿ. ಕಂಪ್ಯೂಟರಿನಿಂದ ಬೆಳೆದ ಕಂಪನಿ ಕಂಪ್ಯೂಟರ್ ಚರಿತ್ರೆಯ ಪುಸ್ತಕಕ್ಕೆ ಹಣ ಕೊಡುವುದಕ್ಕಿಂತ ಯೋಗ್ಯವಾದ ಬಾಬ್ತು ಬೇರೊಂದಿಲ್ಲ.

ಕಂಪನಿ ಒಪ್ಪದಿದ್ದರೆ ಐದಾರು ಸಹೋದ್ಯೋಗಿಗಳು ಸೇರಿ ತಲಾ ಒಂದು ಪುಸ್ತಕ ವಹಿಸಿಕೊಳ್ಳಿ.

13. ಡಿಜಿಟಲ್ ಪ್ರತಿಯನ್ನೇ ನಂಬಿ ಕೂರಬೇಡಿ

ಸ್ಯಾನ್ ಫ್ರಾನ್ಸಿಸ್ಕೊದ ಇಂಟರ್‌ನೆಟ್ ಆರ್ಕೈವ್ ಸಂಸ್ಥೆಯ ಓಪನ್ ಲೈಬ್ರರಿಯಲ್ಲಿ 2019ರಲ್ಲಿ ಒಂದು ಸೊಗಸಾದ ಏರ್ಪಾಡು ಬಂತು. ಅಲ್ಲಿಲ್ಲದ ಪುಸ್ತಕಕ್ಕೆ ಓದುಗರೇ ಹಣ ಕೊಟ್ಟರೆ ಸಂಸ್ಥೆ ಅದನ್ನು ಕೊಂಡು, ಸ್ಕ್ಯಾನ್ ಮಾಡಿ, ಒಂದು ಸಲಕ್ಕೆ ಒಬ್ಬರಿಗೆ ಎರವಲು ಕೊಡುತ್ತಿತ್ತು. ಜಗತ್ತಿನ ಯಾವ ಮೂಲೆಯವರೂ ಓದಬಹುದಾದ ಹಂಚಿಕೆಯ ಗ್ರಂಥಾಲಯ ಅದು. 2020ರಲ್ಲಿ ನಾಲ್ಕು ದೊಡ್ಡ ಪ್ರಕಾಶನ ಸಂಸ್ಥೆಗಳು ನ್ಯಾಯಾಲಯಕ್ಕೆ ಹೋದವು. 2023ರ ಮಾರ್ಚಿನಲ್ಲಿ ತೀರ್ಪು ಆರ್ಕೈವ್ ವಿರುದ್ಧ ಬಂತು, 2024ರ ಸೆಪ್ಟೆಂಬರಿನಲ್ಲಿ ಮೇಲ್ಮನವಿಯಲ್ಲೂ ಸೋಲಾಯಿತು. ಐದು ಲಕ್ಷ ಪುಸ್ತಕಗಳು ಎರವಲಿನಿಂದ ಹೊರಬಿದ್ದವು. ಲೇಖಕರ ಹಕ್ಕನ್ನು ನಾನು ಗೌರವಿಸುತ್ತೇನೆ, ಆದರೂ ಇಷ್ಟೊಂದು ಪುಸ್ತಕಗಳು ಓದುಗರ ಕೈತಪ್ಪಿದ್ದು ನಷ್ಟವೇ.

ಆದ್ದರಿಂದ ಅಚ್ಚಿನ ಪ್ರತಿ ಇರಲೇಬೇಕು. ಜೊತೆಗೆ ಹಕ್ಕಿನ ತೊಡಕಿಲ್ಲದ್ದನ್ನು ಡಿಜಿಟಲ್ ಮಾಡಿಸಲು ಹಣ ಕೊಡಬಹುದು. ನಮ್ಮಲ್ಲಿ ಲೇಖಕರು ತೀರಿಕೊಂಡ 60 ವರ್ಷದ ತನಕ ಹಕ್ಕು ಇರುತ್ತದೆ. ಹಕ್ಕುದಾರರು ಒಪ್ಪಿದರೆ ಅದಕ್ಕೂ ಮೊದಲೇ ಹಂಚಬಹುದು. ಆರನೇ ಸೂತ್ರದಲ್ಲಿ ಹೇಳಿದ ನಿಮ್ಮೂರಿನ ಪುಸ್ತಕದ ಹಕ್ಕು ನಿಮ್ಮ ಕೈಯಲ್ಲೇ ಇರುವುದರಿಂದ ಅದನ್ನು ಮೊದಲ ದಿನವೇ ಮುಕ್ತವಾಗಿ ಹಾಕಿ. ಕದ್ದ ಪಿಡಿಎಫ್ ಅನ್ನು ಜೆರಾಕ್ಸ್ ಮಾಡಿಸಿ ಕೊಡುವ ಕೆಲಸಕ್ಕೆ ಮಾತ್ರ ಕೈ ಹಾಕಬೇಡಿ. ಗ್ರಂಥಪಾಲಕರು ತೊಂದರೆಗೆ ಸಿಲುಕುತ್ತಾರೆ.

14. ಪುಸ್ತಕದ ಜೊತೆಗೆ ಒಂದು ಸಂಜೆಯನ್ನೂ ಕೊಡಿ

ತಿಂಗಳಿಗೊಮ್ಮೆ ಒಂದು ಗಂಟೆ ಸಾಕು. ಒಂದು ಪುಸ್ತಕದ ಒಂದು ಅಧ್ಯಾಯ ತೆಗೆದುಕೊಂಡು ಅದರ ಕಥೆಯನ್ನು ಕನ್ನಡದಲ್ಲಿ ಹೇಳಿ. ಇಂಗ್ಲಿಷ್ ಪುಸ್ತಕಕ್ಕೆ ಹೆದರುವ ಹುಡುಗರು ಕಥೆ ಕೇಳಿದ ಮೇಲೆ ಧೈರ್ಯವಾಗಿ ಕೈಗೆತ್ತಿಕೊಳ್ಳುತ್ತಾರೆ. ಮನೆಯಲ್ಲಿ ಹಳೆಯ ಫ್ಲಾಪಿ, ಪಂಚ್ ಕಾರ್ಡ್, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಕಾಗದ ಏನಾದರೂ ಇದ್ದರೆ ತನ್ನಿ. 1.44 ಎಂಬಿಯ ಫ್ಲಾಪಿಯನ್ನು ಕೈಗೆ ಕೊಟ್ಟು, ನಿಮ್ಮ ಫೋನಿನಲ್ಲಿ ತೆಗೆದ ಒಂದು ಫೋಟೊ ಇದರಲ್ಲಿ ಹಿಡಿಸುವುದಿಲ್ಲ ಎಂದರೆ ಸಾಕು, ಮಕ್ಕಳು ಪ್ರಶ್ನೆ ಕೇಳಲು ಶುರು ಮಾಡುತ್ತಾರೆ. ಬಿಇಎಲ್, ಐಟಿಐ, ಬಿಎಸ್‌ಎನ್‌ಎಲ್‌ನಿಂದ ನಿವೃತ್ತರಾದವರು ಊರಿನಲ್ಲಿದ್ದರೆ ಕರೆಸಿ ಮಾತಾಡಿಸಿ.

15. ನಿಮ್ಮ ಹೆಸರು ಚಿಕ್ಕದಾಗಿರಲಿ

ರಟ್ಟಿನ ಒಳಗೆ ಒಂದು ಚಿಕ್ಕ ಚೀಟಿ ಸಾಕು. ತಂದೆತಾಯಿಯ ಅಥವಾ ಕಲಿಸಿದ ಮೇಷ್ಟ್ರ ನೆನಪಿಗೆ ಕೊಟ್ಟರೆ ಅವರ ಹೆಸರನ್ನೇ ಹಾಕಿಸಿ. ಶಾಲು, ಹಾರ, ಫ್ಲೆಕ್ಸಿನ ಖರ್ಚಿಗೆ ಇನ್ನೆರಡು ಪುಸ್ತಕ ಬರುತ್ತವೆ.

16. ಮರುವರ್ಷ ಹೋಗಿ ಪುಸ್ತಕದ ಕೊನೆಯ ಪುಟ ನೋಡಿ

ಎರವಲಿನ ತಾರೀಕು ಒತ್ತುವ ಚೀಟಿ ಅಲ್ಲಿರುತ್ತದೆ. ಯಾವ ಪುಸ್ತಕಕ್ಕೆ ಎಷ್ಟು ಮುದ್ರೆ ಬಿದ್ದಿವೆ ಎಂದು ಎಣಿಸಿ. ತುಂಬ ಓಡಾಡಿದ ಪುಸ್ತಕಕ್ಕೆ ಎರಡನೇ ಪ್ರತಿ ಕೊಡಿ, ಹರಿದದ್ದನ್ನು ಹೊಲಿಸಿ. ಒಂದು ಮುದ್ರೆಯೂ ಇಲ್ಲದ್ದನ್ನು ಹದಿನಾಲ್ಕನೇ ಸೂತ್ರದ ಸಂಜೆಗೆ ಆರಿಸಿಕೊಳ್ಳಿ. ಅದಕ್ಕೂ ಓದುಗರು ಬರದಿದ್ದರೆ, ಗ್ರಂಥಪಾಲಕರ ಒಪ್ಪಿಗೆಯಿದ್ದಲ್ಲಿ ಹತ್ತಿರದ ಎಂಜಿನಿಯರಿಂಗ್ ಕಾಲೇಜಿಗೆ ಸಾಗಿಸಿ. ಆಮೇಲೆ ಓದಿದವರನ್ನು ಮಾತಾಡಿಸಿ, ಮುಂದಿನ ವರ್ಷದ ಪಟ್ಟಿಯನ್ನು ಅವರಿಂದಲೇ ಬರೆಸಿ.

ಈ ವರ್ಷಕ್ಕೆ ‘ದಿ ಔಟ್‌ಸೋರ್ಸರ್’, ‘ಬ್ರಾಡ್ ಬ್ಯಾಂಡ್’ ಮತ್ತು ಕನ್ನಡದಲ್ಲಿ ಬಂದಿರುವ ಯಾವುದಾದರೂ ಒಂದು ಒಳ್ಳೆಯ ಕಂಪ್ಯೂಟರ್ ಪುಸ್ತಕ, ಈ ಮೂರರಿಂದ ಶುರು ಮಾಡಿ. ಗ್ರಂಥಾಲಯದ ರಜಾದಿನ ಕೇಳಿಕೊಂಡು ಈ ವಾರವೇ ಹೋಗಿ, ಮೇಲ್ವಿಚಾರಕರನ್ನು ಕಂಡು ಮಾತಾಡಿ ಬನ್ನಿ.